ಹಾಲಾದ ಬೆಳ್ಳಿ ನೀರು

“ಮತ್ತೆ ಬಿಳಿ ಆಯ್ತು! ಸಚಿನ, ನೀನೇ ಏನೋ ಹಾಕೀದಿ!”

“ನಾ ಏನೂ ಹಾಕಿಲ್ಲ. ಗಾಡ್ ಪ್ರಾಮಿಸ್!” ತಮ್ಮ ಸಚಿನ ಗಂಟಲು ಮುಟ್ಟಿ ಆಣೆ ಮಾಡಿದ.

ಮಾಧುರಿ ನಂಬಲಿಲ್ಲ. ನಾಡಿದ್ದು ಶಾಲೆಯಲ್ಲಿ ಸೈನ್ಸ್ ಎಕ್ಸಿಬಿಷನ್. ಅವಳ ಪ್ರಾಜೆಕ್ಟ್ ಬೆಳ್ಳಿ ನೀರು. ಡಿಸ್ಟಿಲ್ಡ್ ವಾಟರಿನಲ್ಲಿ ಎರಡು ಬೆಳ್ಳಿ ತಂತಿ ಇಳಿಸಿ ಬ್ಯಾಟರಿ ಜೋಡಿಸಿದರೆ, ಕಣ್ಣಿಗೆ ಕಾಣದಷ್ಟು ಸಣ್ಣ ಬೆಳ್ಳಿಯ ಕಣಗಳು ನೀರಿಗೆ ಬರುತ್ತವೆ. ನೀರು ತಿಳಿಯಾಗಿಯೇ ಇರುತ್ತದೆ. ಲೇಸರ್ ಬಿಟ್ಟರೆ ಮಾತ್ರ ಒಳಗೆ ಕೆಂಪು ಗೆರೆ ಮೂಡುತ್ತದೆ. ಕುಡಿಯುವಂತಿಲ್ಲ, ಬರೀ ನೋಡಬೇಕು ಎಂದು ಟೀಚರ್ ಹೇಳಿದ್ದರು.

ಮೊದಲ ದಿನ ಗೆರೆ ಚೆನ್ನಾಗಿಯೇ ಮೂಡಿತ್ತು. ಇಡೀ ಬಿಲ್ಡಿಂಗ್ ಬಂದು ನೋಡಿ ವಾಹ್ ವಾಹ್ ಅಂದಿತ್ತು. ಆಮೇಲಿಂದ ದಿನವೂ ಇದೇ ಕತೆ. ಟ್ಯೂಷನ್ ಮುಗಿಸಿ ಬಂದು ನೋಡಿದರೆ ಗ್ಲಾಸಿನ ತುಂಬ ಹಾಲಿನಂಥ ನೀರು!

ಹೊಸ ಬಾಟಲಿಯ ನೀರು ಹಾಕಿದ್ದಾಯಿತು. ತಂತಿ ತಿಕ್ಕಿದ್ದಾಯಿತು. ಬ್ಯಾಟರಿ ಬದಲಿಸಿದ್ದೂ ಆಯಿತು. ಊಹೂಂ! ಜೋಗೇಶ್ವರಿ ಬಡಾವಣೆಯ ಆ ಪುಟ್ಟ ಮನೆಯಲ್ಲಿ ಉಳಿದ ಕಳ್ಳ, ಪಾಪ, ಸಚಿನ ಒಬ್ಬನೇ.

ಮರುದಿನ ಮಾಧುರಿ ಎರಡು ಗ್ಲಾಸು ಬೆಳ್ಳಿ ನೀರು ಮಾಡಿದಳು. ಒಂದನ್ನು ಎಂದಿನಂತೆ ಕಿಟಕಿಯ ಬಳಿ ಇಟ್ಟಳು. ಇನ್ನೊಂದನ್ನು ಕಪಾಟಿನ ಮೇಲೆ ಬಚ್ಚಿಟ್ಟಳು. ಟ್ಯೂಷನ್ನಿಗೆ ಚಕ್ಕರ್ ಹೊಡೆದು ಪರದೆಯ ಹಿಂದೆ ಕೂತಳು. ಸಚಿನನ ಕೈಯನ್ನು ಮಾತ್ರ ಬಿಡಲಿಲ್ಲ.

ದೀಪ ಹಚ್ಚುವ ಹೊತ್ತಿಗೆ ಅಡುಗೆಮನೆಯಿಂದ ಭಾಗವ್ವಜ್ಜಿ ಬಂದಳು. ಕೈಯಲ್ಲಿ ಮುಷ್ಟಿ ತುಂಬ ಉಪ್ಪು. “ಹೋದವರ ಕಣ್ಣು, ಬಂದವರ ಕಣ್ಣು, ಬಿಲ್ಡಿಂಗಿನವರ ಕಣ್ಣು...” ಎನ್ನುತ್ತ ಗ್ಲಾಸಿಗೆ ಮೂರು ಸುತ್ತು ನಿವಾಳಿಸಿದಳು. ಉಪ್ಪನ್ನು ಅದೇ ಗ್ಲಾಸಿಗೆ ಸುರಿದೇಬಿಟ್ಟಳು!

“ಅಜ್ಜೀ! ಯೇ ಕ್ಯಾ ಕಿಯಾ?” ಮಾಧುರಿ ಪರದೆ ಸರಿಸಿ ಹಾರಿ ಬಂದಳು.

“ದೃಷ್ಟಿ ತಗದೆ ನಮ್ಮವ್ವ. ಉಪ್ಪು ನೀರಾಗ ಕರಗಬೇಕಲ್ಲ? ನೀರು ಇಲ್ಲೇ ಇತ್ತು.” ಗ್ಲಾಸಿನಲ್ಲಿ ಏಳುತ್ತಿದ್ದ ಬಿಳಿ ಮೋಡವನ್ನು ಅಜ್ಜಿ ತೋರಿಸಿದಳು. “ನೋಡು, ಎಂಥಾ ಕೆಟ್ಟ ದೃಷ್ಟಿ! ಮೊದಲ ಚಿಟಿಕಿ ಹಾಕಿದೆ, ಹೋಗಲಿಲ್ಲ. ಅದಕ್ಕ ದಿನಾ ಜಾಸ್ತಿ ಮಾಡೀನಿ.”

ಸಚಿನ ಬಿದ್ದು ಬಿದ್ದು ನಕ್ಕ. ಮಾಧುರಿಗೆ ಸಿಟ್ಟು ನೆತ್ತಿಗೇರಿತು. ಬೈಯಲು ಬಾಯಿ ತೆರೆದಳು.

“ನಿನ್ನ ಗ್ಲಾಸು ಛಲೋ ಆಗೋ ತನಕ ಸಂಜೀ ಚಾ ಬಿಟ್ಟೀನಿ,” ಅಂದಳು ಅಜ್ಜಿ. ಅಜ್ಜಿ ಚಹಾ ಬಿಡುವುದೆಂದರೆ! ಮಾಧುರಿಯ ಬಾಯಿ ತಾನಾಗಿ ಮುಚ್ಚಿತು.

ಸ್ಟೂಲು ಹತ್ತಿ ಇನ್ನೊಂದು ಗ್ಲಾಸು ಇಳಿಸಿದಳು. ಲೇಸರ್ ಬಿಟ್ಟಳು. ಕೆಂಪು ಗೆರೆ ನೆಟ್ಟಗೆ ಮೂಡಿತು.

“ಅಜ್ಜಿ, ಬೆಳ್ಳಿ ನೀರಿಗೆ ಉಪ್ಪು ಬಿದ್ದರ ಬಿಳಿ ಆಗ್ತದ. ಇದಕ್ಕ ಬಿದ್ದಿಲ್ಲ, ದೇಖೋ.”

ಅಜ್ಜಿ ಗ್ಲಾಸನ್ನು ನೋಡಿದಳು. ಖಾಲಿ ಕೈ ನೋಡಿಕೊಂಡಳು. “ಹಂಗಾರ ನಾ ದೃಷ್ಟಿ ಹೆಂಗ ತಗೀಲಿ?”

ಮಾಧುರಿ ಒಳಗೆ ಹೋಗಿ ಚಹಾಕ್ಕೆ ನೀರಿಟ್ಟಳು. ಹೋಗುವಾಗಲೇ ತಮ್ಮನ ಕಿವಿಯಲ್ಲಿ “ಸಾರಿ” ಅಂದಳು.

ಮರುದಿನ ಶಾಲೆಗೆ ಹೊರಡುವಾಗ ಬಾಗಿಲಲ್ಲಿ ನಿಂತು ಕೂಗಿದಳು. “ಅಜ್ಜಿ, ಉಪ್ಪು ತಗೊಂಡು ಬಾ!” ಸಚಿನನ ಕೈಯಲ್ಲಿ ಒಂದು ಬಟ್ಟಲು ನಲ್ಲಿ ನೀರಿತ್ತು.

ಅಜ್ಜಿ ಓಡೋಡಿ ಬಂದಳು. ಮೂರು ಸುತ್ತು ಮುಗಿಯುವ ತನಕ ಮಾಧುರಿ ತಲೆ ಬಗ್ಗಿಸಿ ನಿಂತಳು, ಅಂಗೈಯಿಂದ ತನ್ನ ಗ್ಲಾಸಿನ ಬಾಯಿಯನ್ನು ಗಟ್ಟಿಯಾಗಿ ಮುಚ್ಚಿಕೊಂಡು.