ಬೆಟ್ಟ ಮಗುಚಿದವಳು

ಶಿವಗಣಾರಾಧನೆ ಮುಗಿದು ನೆಂಟರೆಲ್ಲ ಹೊರಟುಹೋದ ಮರುದಿನ ಭಾನುವಾರ. ರಾಜಾಜಿನಗರದ ಆ ಹೊಸ ಮನೆಗೆ ಹಾಲಿನವಳು ಎಂದಿನಂತೆ ಬಂದಳು.

"ಎಷ್ಟು ಹಾಕ್ಲಿ ಅಮ್ಮಾವ್ರೇ?"

ಪ್ರಭಾ ಪಾತ್ರೆ ಹಿಡಿದು ನಿಂತಳು. ಮೂವರ ಲೆಕ್ಕವೇ ಬಾಯಿಗೆ ಬಂತು... ನುಂಗಿಕೊಂಡಳು. ಗಂಡ ನಂಜುಂಡಪ್ಪ ತೀರಿಹೋದಾಗಿನಿಂದ ಅವಳ ಕಣ್ಣು ಒಮ್ಮೆಯೂ ಒದ್ದೆಯಾಗಿರಲಿಲ್ಲ.

ಎಲ್ಲರೂ ವಿಧಿ ಎಂದರು. ಅವಳ ಮನಸ್ಸು ಬೇರೆಯೇ ಹೇಳುತ್ತಿತ್ತು. ವಿಧಿಯಲ್ಲ... ತನ್ನ ನಾಲಿಗೆ!

ನಂಜುಂಡಪ್ಪ ಭೂವಿಜ್ಞಾನಿ. ಮರುಭೂಮಿಯ ಅಂಚಿನ ಅರಾವಳಿ ಬೆಟ್ಟಗಳ ನಕ್ಷೆ ಬರೆಯುವುದು ಅವನ ಕೆಲಸ. ಚಳಿಗಾಲದಲ್ಲಿ ಅಲ್ಲಿದ್ದು ಶಿವರಾತ್ರಿಯ ಹೊತ್ತಿಗೆ ಮರಳಿದ್ದ. ಗಾಳಿ ಪಡುವಣದ ಮರಳನ್ನು ಕಣಿವೆಗಳೊಳಗೆ ತಂದು ಸುರಿಯುವುದು, ಡೇರೆಯ ಬಕೆಟ್ಟಿಗೆ ನವಿಲುಗಳು ನೀರು ಹುಡುಕಿ ಬರುವುದು... ಹೇಳಿದಷ್ಟೂ ಮುಗಿಯದ ಮಾತು. ಜೊತೆಗೊಂದು ಕಲ್ಲು.

ಅದೇ ಶಾಸ್ತ್ರ ಓದಿದ್ದ ಪ್ರಭಾ, ಆ ಶಾಸ್ತ್ರದವರೆಲ್ಲ ಮಾಡುವಂತೆ, ಕಲ್ಲನ್ನು ನೆಕ್ಕಿ ಬೆಳಕಿಗೆ ಹಿಡಿದಳು. ಒದ್ದೆಯಾದ ಕಲ್ಲಿನಲ್ಲಿ ಎಂದೋ ಬತ್ತಿಹೋದ ಕಡಲಿನ ಅಲೆಗಳ ಅಚ್ಚು ಎದ್ದು ಕಂಡಿತು. ಅಲೆಯ ಚೂಪು ತುದಿ ಮೇಲಕ್ಕಿರಬೇಕು. ಅವನು 'ಮೇಲೆ' ಎಂದು ಬಾಣ ಬರೆದಿದ್ದ ಕಲ್ಲಿನಲ್ಲಿ ಅದು ಕೆಳಕ್ಕಿತ್ತು.

"ಈ ಪದರ ಮಗುಚಿ ಬಿದ್ದಿದೆ ಕಣ್ರೀ! ನೀವು ಬೆಟ್ಟವನ್ನೇ ತಲೆಕೆಳಗು ಬರ್ದಿದೀರಿ!"

ಅವನು ಮಾತಾಡಲಿಲ್ಲ. ಕಲ್ಲನ್ನು ಕಿಸೆಗೆ ಹಾಕಿಕೊಂಡು ಸೈಕಲ್ ಹತ್ತಿದ. ಬೇಸಿಗೆಯಲ್ಲಿ ಮತ್ತೆ ಅರಾವಳಿಗೆ ಹೋದ. ಬಂದದ್ದು ವಿಷಮಶೀತ ಜ್ವರ ಹೊತ್ತು.

'ನಾನು ಸುಮ್ಮನಿದ್ದಿದ್ದರೆ ಅವರು ಮತ್ತೆ ಹೋಗುತ್ತಲೇ ಇರಲಿಲ್ಲ...'

ಆ ಭಾನುವಾರ ಅವನ ಟ್ರಂಕು ತೆಗೆದಾಗ ಬಟ್ಟೆಗಳ ಅಡಿಯಲ್ಲಿ ಹಿತ್ತಾಳೆಯ ಹಳೆಯ ದಿಕ್ಸೂಚಿ ಸಿಕ್ಕಿತು. ಅವನದು ಗೋಡೆಯ ಮೊಳೆಯಲ್ಲಿ ತೂಗುತ್ತಿತ್ತು. ಇದರ ಮುಚ್ಚಳದ ಮೇಲೆ ಅವನ ಮೇಲಧಿಕಾರಿ ಗುರುಸಿದ್ದಯ್ಯನವರ ಹೆಸರಿತ್ತು.

"ಎರವಲು ತಂದಿದಾನೆ," ಎಂದರು ಅತ್ತೆ ಲಿಂಗಮ್ಮ. "ಹೋದವರ ಹೆಸರಲ್ಲಿ ಎರವಲು ನಿಲ್ಬಾರ್ದು ಕಣೇ. ಇವತ್ತೇ ಕೊಟ್ಟು ಬಾ."

ಪಕ್ಕದ ಮನೆಯ ಮುನಿಲಕ್ಷ್ಮಮ್ಮ ಇಣುಕಿದರು. "ಇಷ್ಟು ಬೇಗ ಹೊಸಿಲು ದಾಟಿಸ್ತೀರಾ?"

"ಹಾಗಾದ್ರೆ ನೀವೇ ಹೋಗ್ಬನ್ನಿ," ಎಂದರು ಲಿಂಗಮ್ಮ. "ಅವರ ಮನೆ ಕೆಂಗೇರೀಲಿ. ಬಸ್ಸಿಳಿದ ಮೇಲೆ ಬಿಸಿಲಲ್ಲಿ ನಡೀಬೇಕು."

ಮುನಿಲಕ್ಷ್ಮಮ್ಮನ ಕದ ಮುಚ್ಚಿತು.

ಕೆಂಗೇರಿಯ ಜಗಲಿಯಲ್ಲಿ ಗುರುಸಿದ್ದಯ್ಯ ಅವಳನ್ನು ಕಂಡು ತಟ್ಟನೆ ಎದ್ದು ನಿಂತರು. ಪ್ರಭಾ ದಿಕ್ಸೂಚಿಯನ್ನು ಮುಂದೆ ಹಿಡಿದಳು.

"ಅವರ ಹತ್ರ ಒಂದಿತ್ತಲ್ಲ ಸಾರ್, ಇದ್ಯಾಕೆ ತಂದ್ರು?"

"ಅವನಿಗೆ ಅಂತ ಯಾರಮ್ಮಾ ಹೇಳಿದ್ದು? ನಿನಗೆ!"

ಅವಳು ದಿಕ್ಸೂಚಿಯನ್ನು ತಿರುಗಿಸಿ ನೋಡಿದಳು.

"ಆ ಕಲ್ಲು ಹಿಡ್ಕೊಂಡು ಸೀದಾ ಇಲ್ಲಿಗೇ ಬಂದ. ಸೈಕಲ್ ನಿಲ್ಲಿಸೋಕೂ ಪುರುಸೊತ್ತಿಲ್ಲ! 'ಸಾರ್, ನನ್ನ ಹೆಂಡ್ತಿ ಅಡುಗೆಮನೇಲಿ ಕೂತೇ ಬೆಟ್ಟ ಮಗುಚಿ ಹಾಕಿದ್ಲು! ಮುಂದಿನ ಚಳಿಗಾಲ ಅವಳ್ನ ಕರ್ಕೊಂಡೇ ಹೋಗೋದು. ಇದು ಕೊಡಿ, ಹಿಡಿಯೋದು ಕಲಿಸ್ತೀನಿ' ಅಂದ."

"ನಂಗೊಂದು ಮಾತೂ ಹೇಳ್ಲಿಲ್ಲ..."

"ಡೇರೆಗೆ ಹೆಂಡ್ತೀನ ಕರ್ಕೊಂಡು ಹೋಗೋಕೆ ಕಚೇರಿ ಒಪ್ಬೇಕಲ್ಲ. ಒಪ್ಪಲಿ, ಆಮೇಲೆ ಹೇಳ್ತೀನಿ ಅಂದಿದ್ದ. ಆಸೆ ಹುಟ್ಟಿಸಿ ಇಲ್ಲ ಅನ್ನೋ ಧೈರ್ಯ ಅವನಿಗೆಲ್ಲಿತ್ತು, ಅದೂ ನಿನ್ನೆದುರಿಗೆ!"

ಅಂದಿನ ಮೌನ ಕೋಪದ್ದಲ್ಲ... ಅವಳಿಗಾಗಿ ಅಡಗಿಸಿಟ್ಟ ಸಂತೋಷದ್ದು!

ಆದರೂ ಕೇಳಲೇಬೇಕಿತ್ತು. "ನನ್ನ ಮಾತಿಗೇ ಮತ್ತೆ ಹೋದ್ರಾ ಸಾರ್? ನಿಜ ಹೇಳಿ."

"ಹುಚ್ಚಿ! ಬೇಸಿಗೆ ಕೆಲಸಕ್ಕೆ ನಾನು ಅಪ್ಪಣೆ ಕೊಟ್ಟಿದ್ದು ಸಂಕ್ರಾಂತಿಗೂ ಮುಂಚೆ. ಆ ಕಲ್ಲಿನ್ನೂ ಬೆಟ್ಟದಲ್ಲೇ ಇತ್ತು." ಅವರ ದನಿ ಸಣ್ಣದಾಯಿತು. "ತಪ್ಪು ಹೊರೋದಿದ್ರೆ ನಾನು ಹೊರ್ಬೇಕು. ನೀನಲ್ಲ."

ಪ್ರಭಾ ಜಗಲಿಯ ಮೇಲೆ ಕುಸಿದು ಕೂತು ಅತ್ತಳು... ಗಟ್ಟಿಯಾಗಿ, ನಾಚಿಕೆಯಿಲ್ಲದೆ.

"ಜ್ವರಕ್ಕೆ ಯಾರೂ ತಪ್ಪು ಹೊರ್ಬೇಕಾಗಿಲ್ಲ ಸಾರ್," ಎಂದಳು ಕೊನೆಗೆ. "ನೀವೂ ಬೇಡ."

ಗುರುಸಿದ್ದಯ್ಯ ಕನ್ನಡಕ ತೆಗೆದು ಒರೆಸಿಕೊಂಡರು. ಅವಳು ನೀಡಿದ ದಿಕ್ಸೂಚಿಯನ್ನು ಮರಳಿ ಅವಳ ಕಡೆಗೇ ಸರಿಸಿದರು.

"ಇಟ್ಕೋ. ನಿನಗೇ ಅಂತ ಒಯ್ದಿದ್ದು."

"ಬೇಡ ಸಾರ್. ತಗೊಳ್ಳಿ. ಅವರ ಎರವಲು ತೀರ್ಲಿ." ಅವರ ಅಂಗೈಯಲ್ಲಿ ಅದನ್ನಿಟ್ಟಳು. "ಚಳಿಗಾಲಕ್ಕೆ ಬಂದು ನನ್ನ ಹೆಸರಲ್ಲಿ ಎರವಲು ಕೇಳ್ತೀನಿ. ಕೊಡ್ತೀರಾ?"

"ಮುಚ್ಚಳದ ಕೀಲಿಗೆ ಎಣ್ಣೆ ಬಿಟ್ಟು ಇಟ್ಟಿರ್ತೀನಿ ಕಣಮ್ಮಾ."