ಆ ಕೆಮ್ಮು ತೆಗೀಬೇಡಿ

"ಇದುಲ ಎಂಗಪ್ಪಾ ಇರುಕ್ಕಾರು..."

ಇದರಲ್ಲಿ ನಮ್ಮಪ್ಪ ಇದ್ದಾರೆ ಅಂತ ತಮಿಳಿನಲ್ಲಿ ಹೇಳಿ, ನೀರಜಾ ಮದರಾಸಿನ ಪುರಸೈವಾಕ್ಕಂನ ಆ ಪುಟ್ಟ ವಿಡಿಯೊ ಅಂಗಡಿಯ ಗಾಜಿನ ಮೇಜಿನ ಮೇಲೆ ಒಂದು ಹಳೇ ಕ್ಯಾಸೆಟ್ ಇಟ್ಟಳು.

ಅಂಗಡಿಯವನು ಅದನ್ನು ತಿರುಗಿಸಿ, ಅಂಟಿಸಿದ್ದ ಚೀಟಿಯ ಮೇಲೆ ಬೆರಳಿಟ್ಟು ಓದಿದ. "ಅ...ಪ್ಪ...ನ ರಿಟೈರ್‌ಮೆಂಟ್."

ನೀರಜಾ ತಲೆ ಎತ್ತಿದಳು. ಸೀರೆ ಅಂಗಡಿ, ಪಾತ್ರೆ ಅಂಗಡಿಗಳ ಈ ಬೀದಿಯಲ್ಲಿ ಅವಳ ಕನ್ನಡ ಅಕ್ಷರ ಓದುವವನೂ ಒಬ್ಬ ಇದ್ದಾನೆ!

"ನೀವು ಕನ್ನಡದವರಾ?"

"ಮನೇಲಿ ಮಾತಾಡ್ತೀವಿ. ಅಕ್ಷರ ಅಮ್ಮ ಕಿವಿ ಹಿಂಡಿ ಕಲಿಸಿದ್ದು, ಕೂಡಿಸಿ ಕೂಡಿಸಿ ಓದ್ತೀನಿ ಅಷ್ಟೇ. ನನ್ನ ಹೆಸರು ಮುರಳೀಧರ. ಅಪ್ಪ ಈಗ...?"

"ಹೋಗಿ ನಾಲ್ಕು ತಿಂಗಳಾಯ್ತು."

ಬಸ್ಸು ಆಗಲೇ ಹೋಯಿತು ಅನ್ನುವಷ್ಟೇ ಸಪ್ಪೆಯಾಗಿ ಹೇಳಿದಳು.

ಅದು ಎರಡು ಸಾವಿರದ ಮೂರು. ಅವಳ ತಂದೆ ಪದ್ಮನಾಭ ರಾಯರು ಪೆರಂಬೂರಿನಲ್ಲಿ ರೈಲ್ವೆ ಗುಮಾಸ್ತರಾಗಿದ್ದವರು. ಅವರು ತೀರಿಕೊಂಡ ದಿನ ನೀರಜಾ ಅಳಲಿಲ್ಲ. ಹದಿಮೂರನೇ ದಿನವೂ ಅಳಲಿಲ್ಲ. ಬಂದ ನೆಂಟರು ಊಟ ಮುಗಿಸಿ, ಎಲೆ ಎತ್ತುವ ಮೊದಲೇ "ಹುಡುಗಿ ಕಲ್ಲು ಕಣ್ರೀ" ಅಂದರು. ನೆಂಟರ ಬಾಯಿಗೆ ಬೀಗ ಹಾಕುವವರು ಯಾರು!

ಕಲ್ಲಲ್ಲ, ಪಾಪ. ಅಳು ಬರಲಿ ಅಂತ ಅವಳೇ ಕಾಯುತ್ತಿದ್ದಳು. ಇನ್ಶೂರೆನ್ಸ್ ಆಫೀಸಿಗೆ ಹೋಗುವಳು, ಫೈಲು ನೋಡುವಳು, ಮನೆಗೆ ಬಂದು ಉಣ್ಣುವಳು. ಅನ್ನಕ್ಕೆ ರುಚಿಯಿಲ್ಲ, ನಿದ್ದೆಗೆ ಕನಸಿಲ್ಲ. ಮೂರನೇ ತಿಂಗಳು ಇನ್ನೊಂದು ಕೇಡು ಕಾದಿತ್ತು. ಅಪ್ಪನ ಮುಖ ನೆನಪಿದೆ, ದನಿ ನೆನಪಿಲ್ಲ! ಎಷ್ಟು ತಡಕಿದರೂ ಸಿಗಲೊಲ್ಲದು.

'ಒಂದೇ ಒಂದು ಸಲ ಆ ದನಿ ಕೇಳಿಸಿದರೆ... ಅಳು ಬಂದೀತು.' ಅಷ್ಟೇ ಅವಳ ಆಸೆ.

ಮುರಳೀಧರ ಕ್ಯಾಸೆಟ್ಟಿನ ಬಾಯಿ ತೆರೆದು ನೋಡಿದ. ಟೇಪಿನ ಮೇಲೆಲ್ಲಾ ಬಿಳೀ ಬೂಸ್ಟು. ಮದರಾಸಿನ ಸೆಕೆಗೆ ಉಪ್ಪಿನಕಾಯಿಯೇ ಕೆಡುತ್ತದೆ, ಟೇಪು ಯಾವ ಲೆಕ್ಕ.

"ನಿಜ ಹೇಳ್ತೀನಿ. ಇದು ಒಂದು ಸಲ ಓಡಿದ್ರೆ ಹೆಚ್ಚು. ಆಮೇಲೆ ಹರಿದು ಹೋಗುತ್ತೆ. ಮೊದಲು ಹತ್ತಿಯಲ್ಲಿ ಒರೆಸ್ಬೇಕು, ಇಂಚಿಂಚು. ಮೂರು ವಾರ ಕೊಡ್ತೀರಾ?"

"ಕೊಡ್ತೀನಿ. ಒಂದು ಮಾತು... ಅಪ್ಪ ಮಾತು ಶುರು ಮಾಡೋ ಮುಂಚೆ ಕೆಮ್ತಾರೆ. ವಿಡಿಯೊದವರು ಅಂಥದ್ದೆಲ್ಲ ಕಟ್ ಮಾಡ್ತಾರಂತೆ. ಆ ಕೆಮ್ಮು ತೆಗೀಬೇಡಿ."

ಅವನು ಅವಳನ್ನೇ ನೋಡಿದ. "ತೆಗೆಯಲ್ಲ."

ಮೂರು ಶನಿವಾರ ಅವಳು ಹೋದಳು. ಕೆಲಸ ಎಲ್ಲಿಗೆ ಬಂತು ಅಂತ ಕೇಳುವ ನೆಪ. ಅವನು ಟೇಪು ಒರೆಸುತ್ತಾ ಮಾತಾಡುವನು, ಇವಳು ಸ್ಟೂಲಿನ ಮೇಲೆ ಕೂತು ಕೇಳುವಳು. ಪಕ್ಕದ ಮೆಸ್ಸಿನಿಂದ ಕಾಫಿ ತರಿಸುವನು. ಮೂರನೇ ಶನಿವಾರ ಕಾಫಿ ಕಹಿ ಅನ್ನಿಸಿತು. ಇಷ್ಟು ತಿಂಗಳಲ್ಲಿ ನಾಲಿಗೆಗೆ ಒಂದು ರುಚಿ ತಿಳಿದದ್ದು ಅದೇ ಮೊದಲು!

ಅಂದೇ ಅವನು ಡಿವಿಡಿ ಕೈಗಿಟ್ಟ. ಪಕ್ಕದಲ್ಲಿ ಹರಿದ ಟೇಪು.

"ಹೇಳಿದ ಹಾಗೇ ಹರೀತು. ಆದ್ರೆ ಪೂರ್ತಿ ಬಂದಿದೆ. ಇಲ್ಲೇ ಹಾಕಿ ತೋರಿಸ್ಲಾ?"

"ಬೇಡ. ಅಮ್ಮನ ಜೊತೆ ನೋಡ್ತೀನಿ."

"ಸರಿ. ನೋಡಿಬಿಟ್ಟು ಬನ್ನಿ. ನಾನೂ... ನಿಮ್ಮನ್ನ ಒಂದು ಮಾತು ಕೇಳ್ಬೇಕು."

ಏನು ಮಾತು ಅಂತ ಅವನ ಕಿವಿಗಳ ಕೆಂಪೇ ಹೇಳುತ್ತಿತ್ತು. ನೀರಜಾಗೂ ಗೊತ್ತಾಯಿತು. ಕೀಲ್ಪಾಕಿನ ಮನೆವರೆಗೂ ಆ ಪೊಟ್ಟಣ ಎದೆಗವಚಿಕೊಂಡೇ ನಡೆದಳು.

ಅಮ್ಮ ಕೌಸಲ್ಯಾ ದೇವರ ದೀಪ ಹಚ್ಚಿ, ಟಿವಿ ಎದುರು ಕೂತರು. ನೀರಜಾ ಪ್ಲೇಯರಿಗೆ ಡಿಸ್ಕ್ ಹಾಕಿದಳು. ಪರದೆಯ ಮೇಲೆ ಮೂಡಿತು:

'ನೋ ಡಿಸ್ಕ್.'

ತೆಗೆದು, ಸೆರಗಿನಲ್ಲಿ ಒರೆಸಿ, ಮತ್ತೆ ಹಾಕಿದಳು. 'ನೋ ಡಿಸ್ಕ್.' ಮೂರನೇ ಸಲವೂ ಅದೇ.

ಕೌಸಲ್ಯಾ ಎದ್ದು ಹೋಗಿ ಒಲೆಯ ಮೇಲೆ ಹಾಲಿಟ್ಟರು.

'ಟೇಪು ಹರಿದು ಹಾಕಿ, ಖಾಲಿ ಡಿಸ್ಕ್ ಕೊಟ್ಟು ಕಳಿಸಿದನಾ? ಅದಕ್ಕೇ ಅಷ್ಟು ಸಿಹಿ ಮಾತಾ?'

ಹೋಗಿ ಜಗಳ ಆಡಬಹುದಿತ್ತು. ಆಡಲಿಲ್ಲ. ಕೇಳಿದರೆ ಅವನು ಹೌದು, ಹೋಯಿತು ಅಂದುಬಿಟ್ಟರೆ? ಅಪ್ಪನನ್ನು ಎರಡನೇ ಸಲ ಕಳೆದುಕೊಳ್ಳುವ ಧೈರ್ಯ ಅವಳಿಗಿರಲಿಲ್ಲ. ಡಿಸ್ಕನ್ನು ಬೀರುವಿನಲ್ಲಿ ಸೀರೆಗಳ ಕೆಳಗೆ ತಳ್ಳಿ, ಆ ಬೀದಿಯನ್ನೇ ಬಿಟ್ಟಳು.

ಐದು ವರ್ಷ. ಹೇಳುವಂಥದ್ದೇನೂ ಇಲ್ಲ, ಅದೇ ಹೇಳಬೇಕಾದ ಸಂಗತಿ. ಹೆಣ್ಣು ನೋಡಲು ಬಂದವರ ಮುಂದೆ ಕೂತಳು. "ಒಪ್ಪಿಗೆಯಾ?" ಅಂದರೆ "ನಿಮ್ಮಿಷ್ಟ" ಅಂದಳು. ನಿಮ್ಮಿಷ್ಟ ಅನ್ನುವ ಹುಡುಗಿಯನ್ನು ಕಂಡು ಬಂದವರೇ ಹೆದರಿ ಹೋದರು. ಅವಳಿಗೆ ಬೇಸರವೂ ಆಗಲಿಲ್ಲ.

ಎರಡು ಸಾವಿರದ ಎಂಟರ ದೀಪಾವಳಿಗೆ ಹಳೇ ಪ್ಲೇಯರ್ ಕೆಟ್ಟು ಕೂತಿತು. ಹೊಸದನ್ನು ಜೋಡಿಸಲು ನರೆತ ಮೀಸೆಯ ಮೆಕ್ಯಾನಿಕ್ ಬಂದ.

"ಏದಾವದು ಡಿಸ್ಕ್ ಕುಡುಂಗಮ್ಮಾ, ಟೆಸ್ಟ್ ಪಣ್ಣಿಡಲಾಂ."

ಓಡಿಸಿ ನೋಡಲು ಅವನು ಡಿಸ್ಕ್ ಕೇಳಿದ್ದಕ್ಕೆ ಕೌಸಲ್ಯಾ ಬೀರುವಿಗೆ ಕೈ ಹಾಕಿ ಸಿಕ್ಕಿದ್ದನ್ನು ಕೊಟ್ಟರು. ನೀರಜಾ ಅಡುಗೆಮನೆಯಲ್ಲಿ ಹುಣಸೆಹಣ್ಣು ಕಿವುಚುತ್ತಿದ್ದಳು.

ಹಜಾರದಲ್ಲಿ ಯಾರೋ ಕೆಮ್ಮಿದರು.

ಎರಡು ಸಲ. ಆಮೇಲೆ ಗಂಟಲು ಸರಿಮಾಡಿಕೊಂಡು... "ಎಲ್ಲರಿಗೂ ವಣಕ್ಕಂ. ನಾನು ಜಾಸ್ತಿ ಪೇಸಲ್ಲ. ಮನೇಲಿ ನನ್ನ ಮಗಳು ನೀರು ಹೇಳಿ ಕಳಿಸಿದಾಳೆ, ಅಪ್ಪಾ ಐದೇ ನಿಮಿಷ ಅಂತ..."

ತಮಿಳು ಬೆರೆತ ಅದೇ ಕನ್ನಡ! ಹುಣಸೆ ಕೈಯಲ್ಲೇ ಓಡಿಬಂದಳು. ಹಾರ ಹಾಕಿಕೊಂಡು, ಮೈಕು ಹಿಡಿದು, ಅಪ್ಪ ನಿಂತಿದ್ದರು!

ನೀರಜಾ ಕುಸಿದು ಕೂತಳು. ಅಬ್ಬಾ, ಆ ಅಳು! ಗಾಬರಿಯಾದ ಮೆಕ್ಯಾನಿಕ್ ರಿಮೋಟ್ ಎತ್ತಿದ.

"ಸೌಂಡ್ ಕೊರೈಕ್ಕಾದೀಂಗ!" ಕಡಿಮೆ ಮಾಡಬೇಡಿ ಅಂತ ಕೌಸಲ್ಯಾ ತಡೆದರು. ಮಗಳ ತಲೆಯನ್ನು ಮಡಿಲಿಗೆ ಎಳೆದುಕೊಂಡರು. "ಅಳು, ನೀರು... ಅತ್ತುಬಿಡು."

ಹೋಗುವ ಮುಂಚೆ ಮೆಕ್ಯಾನಿಕ್ ಡಿಸ್ಕ್ ತೋರಿಸಿ ವಿವರಿಸಿದ. ಆ ಕಾಲದಲ್ಲಿ ಬರೆಯುವ ಡಿವಿಡಿಗಳಲ್ಲಿ ಪ್ಲಸ್ ಅಂತೊಂದು, ಮೈನಸ್ ಅಂತೊಂದು, ಅಯ್ಯಂಗಾರರಲ್ಲಿ ಯು ನಾಮ ವೈ ನಾಮದವರ ಹಾಗೆ ಎರಡು ಪಂಗಡ. ಇದು ಪ್ಲಸ್. ಇವರ ಹಳೇ ಪ್ಲೇಯರಿಗೆ ಮೈನಸ್ ಬಿಟ್ಟು ಬೇರೆ ಕಾಣದು. ಡಿಸ್ಕಿನಲ್ಲಿ ತಪ್ಪೇನೂ ಇರಲಿಲ್ಲ.

ಡಿಸ್ಕ್ ಮಾಡುವ ಕಂಪನಿಯವರು ತಮ್ಮತಮ್ಮಲ್ಲಿ ಕಿತ್ತಾಡಿದ್ದಕ್ಕೆ ಇವಳ ಐದು ವರ್ಷ ಹೋಯಿತು. ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯಿತು ಅನ್ನೋದು ಇದಕ್ಕೇ.

ಮರುದಿನ ಬೆಳಿಗ್ಗೆ ಪುರಸೈವಾಕ್ಕಂ. ಅಂಗಡಿಯ ಕಪಾಟುಗಳು ಅರ್ಧ ಖಾಲಿ. ಮುರಳೀಧರ ಡಿಸ್ಕುಗಳನ್ನು ರಟ್ಟಿನ ಪೆಟ್ಟಿಗೆಗೆ ತುಂಬುತ್ತಿದ್ದ. ಕಿವಿಯ ಬಳಿ ಕೂದಲು ಬೆಳ್ಳಗಾಗಿತ್ತು. ಅವಳನ್ನು ಕಂಡು ಕೈಯಲ್ಲಿದ್ದ ಡಿಸ್ಕನ್ನು ಮೇಜಿನ ಮೇಲಿಟ್ಟ.

"ನಿನ್ನೆ ನೋಡಿದೆ," ಅಂದಳು ನೀರಜಾ.

"ನಿನ್ನೆಯಾ...?"

ಎಲ್ಲಾ ಹೇಳಿದಳು. ಅವನು ಸ್ಟೂಲಿನ ಮೇಲೆ ಕೂತುಬಿಟ್ಟ.

"ನಿಮ್ಮ ಪ್ಲೇಯರ್ ಯಾವುದು ಅಂತ ನಾನು ಕೇಳ್ಬೇಕಿತ್ತು. ಅಷ್ಟೂ ತೋಚಲಿಲ್ಲ. ಬೇರೇದೇ ಗ್ಯಾನದಲ್ಲಿದ್ದೆ..." ತಲೆ ತಗ್ಗಿಸಿದ. "ನೀವು ಬರಲೇ ಇಲ್ಲ. ಬಿಲ್ಲಲ್ಲಿ ಫೋನ್ ನಂಬರ್ ಇತ್ತು. ಬೇಡ ಅನ್ನೋದನ್ನ ನಿಮ್ಮ ಬಾಯಲ್ಲೇ ಕೇಳೋ ಧೈರ್ಯ ಬರಲಿಲ್ಲ."

'ನನ್ನ ಹಾಗೇ!'

"ಅಂಗಡಿ...?"

"ಮುಚ್ತಿದೀನಿ. ಹೊರದೇಶದಲ್ಲಿ ಈಗ ಡಿಸ್ಕುಗಳ ಜಗಳದಲ್ಲಿ ಬ್ಲೂ-ರೇ ಅನ್ನೋದು ಗೆದ್ದಿದೆಯಂತೆ. ಗೆದ್ದೇನು ಬಂತು, ಇನ್ಮುಂದೆ ಎಲ್ಲಾ ಇಂಟರ್ನೆಟ್ಟಲ್ಲೇ ಅಂತಾರೆ. ಪೆರುಂಗುಡಿಯ ಒಂದು ಆಫೀಸಲ್ಲಿ ಅದೇ ಕೆಲಸ ಸಿಕ್ಕಿದೆ." ಮೇಜಿನ ಡ್ರಾಯರ್‌ನಿಂದ ಒಂದು ಪೆನ್ ಡ್ರೈವ್ ತೆಗೆದ. "ಇದರಲ್ಲೂ ಇದಾರೆ ನಿಮ್ಮಪ್ಪ. ಮಿಷನ್ ಬದಲಾದಾಗೆಲ್ಲ ಹೊಸದಕ್ಕೆ ಹಾಕ್ಕೊಂಡೇ ಬಂದೆ. ಐದು ವರ್ಷದಲ್ಲಿ ನಾಲ್ಕು ಸಲ."

"ಯಾಕೆ?"

"ನೀವು ಯಾವತ್ತಾದ್ರೂ ಬಂದು ಕೇಳಿದ್ರೆ ಇಲ್ಲ ಅನ್ನಬಾರದು ಅಂತ."

ನೀರಜಾಳ ಕಣ್ಣು ಮತ್ತೆ ತುಂಬಿತು. ಒರೆಸಿಕೊಳ್ಳಲಿಲ್ಲ. ಎಷ್ಟು ಬೇಡಿ ಬಂದ ಕಣ್ಣೀರು ಅದು.

"ಆ ಮೂರು ಶನಿವಾರ ಇಲ್ಲಿ ಕೂತಾಗ ಮಾತ್ರ ನನಗೆ ಜೀವ ಇತ್ತು, ಮುರಳಿ. ಆಮೇಲೆ ಇರಲಿಲ್ಲ." ಅವನನ್ನು ಅವಳು ಹೆಸರು ಹಿಡಿದು ಕರೆದದ್ದು ಅದೇ ಮೊದಲು. "ಆವತ್ತು ಒಂದು ಮಾತು ಕೇಳ್ಬೇಕು ಅಂದಿದ್ರಿ. ಈಗ ಕೇಳಿ."

ಮುರಳೀಧರ ಎದ್ದು ನಿಂತ. ಬಾಯಿ ತೆರೆದ. ಎರಡು ಸಲ ಕೆಮ್ಮಿದ.

"ಸಾರಿ... ಮೊದಲಿಂದ ಕೇಳ್ತೀನಿ."

"ಬೇಡ," ಅಂದಳು ನೀರಜಾ, ಅಳುತ್ತಲೇ ನಕ್ಕು. "ಕೆಮ್ಮೂ ಇರಲಿ. ಮುಂದೆ ಹೇಳಿ."