ಕಣ್ಣು ಕೆಳಗಿದ್ದ ಮಿಂಚುಳ್ಳಿ

"ಅಲ್ಲೇ ನಿಲ್ಲಿ. ಚಪ್ಪಲಿ ಬಿಚ್ಚಿ, ಆಮೇಲೆ ಕಾಲಿಡಿ."

ಅವಳು ಗಕ್ಕನೆ ನಿಂತಳು. ಹೆಗಲ ಮೇಲೆ ದೊಡ್ಡ ಬಟ್ಟೆಯ ಸುರುಳಿ. ಅದರ ಇನ್ನೊಂದು ತುದಿ ಹೊತ್ತು ಹಿಂದೆ ಅಪ್ಪ. ಅಪ್ಪನ ಹಿಂದೆ ಫುಟ್‌ಬಾಲ್ ಕ್ಲಬ್ಬಿನ ಅಭಿಮಾನಿಗಳ ದಂಡು. ಎದುರಿಗೆ, ಮೊಣಕೈವರೆಗೂ ಹಸಿರು ಮೆತ್ತಿಕೊಂಡ ಒಬ್ಬ ಅಪರಿಚಿತ.

"ಇದು ಯಾವ ಬಟ್ಟೆ ಅಂತ ಗೊತ್ತಾ ನಿಮಗೆ?"

"ಯಾವ ಬಟ್ಟೆಯಾದ್ರೂ ಇರ್ಲಿ. ನಿಮ್ಮ ಚಪ್ಪಲಿ ಹಿಮ್ಮಡಿ ಚೂಪಾಗಿದೆ. ನನ್ನ ಹುಲ್ಲಿಗೆ ತೂತು ಬೀಳುತ್ತೆ."

ನನ್ನ ಹುಲ್ಲಂತೆ... ಮೊನ್ನೆ ಮೊನ್ನೆ ಮೈದಾನ ನೋಡಿಕೊಳ್ಳೋ ಕೆಲಸಕ್ಕೆ ಸೇರಿದವನಿಗೆ ಎಷ್ಟು ಜಂಬ! ಅವಳು ಮೂಗಿನ ತುದಿಯಲ್ಲೇ ಸಿಟ್ಟು ಇಟ್ಟುಕೊಂಡು ಚಪ್ಪಲಿ ಬಿಚ್ಚಿದಳು.

ಪ್ರತಿ ವರ್ಷ ಮೊದಲ ಪಂದ್ಯದ ದಿನ ಆ ಬಟ್ಟೆಯನ್ನು ಮೈದಾನದ ಸುತ್ತ ಹೊತ್ತು ಸಾಗುವುದು ಅಭಿಮಾನಿಗಳ ಪದ್ಧತಿ. ಆಮೇಲೆ ಗೋಲಿನ ಹಿಂದಿನ ಗ್ಯಾಲರಿಯ ಕಂಬಿಗೆ ಕಟ್ಟುತ್ತಾರೆ. ಜನ ಕೊಟ್ಟ ಹಳೇ ಜರ್ಸಿಗಳನ್ನು ಕತ್ತರಿಸಿ ಅವಳ ಅಮ್ಮ ಹೊಲಿದದ್ದು ಅದು. ಬಟ್ಟೆಯ ತುಂಬ ಒಂದು ನೀಲಿ ಮಿಂಚುಳ್ಳಿ, ಕ್ಲಬ್ಬಿನ ಗುರುತು. ಅಮ್ಮ ಈಗಿಲ್ಲ. ಅಮ್ಮನ ಹೊಲಿಗೆ ಯಂತ್ರ, ಟೈಲರ್ ಅಂಗಡಿ, ಈ ಬಟ್ಟೆ... ಮೂರೂ ಮಗಳ ಪಾಲಿಗೆ ಬಂದಿವೆ.

ಅರ್ಧ ಸುತ್ತು ಮುಗಿಯುವಷ್ಟರಲ್ಲಿ ಬಟ್ಟೆಯ ನಡುಭಾಗ ಜೋತುಬಿತ್ತು. ಆ ಮನುಷ್ಯ ತಾನೂ ಬೂಟು ಬಿಚ್ಚಿಟ್ಟು ಬಂದು, ನಡುಭಾಗವನ್ನು ತಲೆಯ ಮೇಲೆ ಹೊತ್ತುಕೊಂಡ. ಯಾರೂ ಕರೆದಿರಲಿಲ್ಲ.

ಬಟ್ಟೆ ಕಟ್ಟಿ ಆದಮೇಲೆ ಅವನು ದೂರ ಹೋಗಿ ನಿಂತು ನೋಡಿದ. ಬಹಳ ಹೊತ್ತು ನೋಡಿದ.

"ಹಕ್ಕಿಯ ಕಣ್ಣು ಯಾಕೆ ಅಷ್ಟು ಕೆಳಗಿದೆ?"

ಅವಳು ತಿರುಗಿ ಅವನನ್ನು ನೋಡಿದಳು. ಇಷ್ಟು ವರ್ಷಗಳಲ್ಲಿ ಈ ಪ್ರಶ್ನೆ ಕೇಳಿದ ಮೊದಲ ಮನುಷ್ಯ ಇವನು.

"ನಮ್ಮ ಮನೆ ಚಿಕ್ಕದು. ಅಮ್ಮ ತುಂಡು ತುಂಡಾಗಿ ತೊಡೆ ಮೇಲಿಟ್ಕೊಂಡು ಹೊಲಿದರು. ಇಲ್ಲಿ ಬಿಡಿಸಿ ಕಟ್ಟಿದ ಮೇಲೇ ಗೊತ್ತಾಗಿದ್ದು, ಕಣ್ಣು ಕೊಕ್ಕಿನ ಪಕ್ಕಕ್ಕೆ ಬಂದುಬಿಟ್ಟಿದೆ ಅಂತ. ಹಕ್ಕಿ ಮೀನು ಹುಡುಕ್ತಿದೆ ಬಿಡ್ರೋ ಅಂತ ಅಮ್ಮನೇ ನಕ್ಕುಬಿಟ್ಟರು."

"ನೀವು ಟೈಲರಲ್ವಾ? ಸರಿ ಮಾಡಬಹುದಿತ್ತಲ್ಲ."

"ಮಾಡಲ್ಲ."

ಅವನು ಮತ್ತೆ ಏನೂ ಕೇಳಲಿಲ್ಲ. ಆ ಮೌನ ಅವಳಿಗೆ ಹಿಡಿಸಿತು. ಬೇಡವೆಂದರೂ ಹಿಡಿಸಿತು.

ಅಭಿಮಾನಿಗಳು ಅವನಿಗೆ ಹುಲ್ಲುರಾಯ ಅಂತ ಹೆಸರಿಟ್ಟರು. ಪಂದ್ಯದ ಮರುದಿನ ಬಟ್ಟೆಯಲ್ಲಿ ಎಲ್ಲಾದರೂ ಹೊಲಿಗೆ ಬಿಟ್ಟಿದೆಯಾ ನೋಡಲು ಅವಳು ಮೈದಾನಕ್ಕೆ ಬರತೊಡಗಿದಳು. ಅಷ್ಟು ಗಟ್ಟಿ ಹೊಲಿಗೆ ಬಿಡುವುದು ಅಷ್ಟರಲ್ಲೇ ಇತ್ತು, ಅದು ಅವಳಿಗೂ ಗೊತ್ತು!

ಒಂದು ದಿನ ಅವನು ಅವಳನ್ನು ಗೋಲಿನ ಹಿಂದಿನ ಗ್ಯಾಲರಿಯ ಮೇಲಿನ ಸಾಲಿಗೆ ಕರೆದುಕೊಂಡು ಹೋದ. ಕೆಳಗೆ ಮೈದಾನದಲ್ಲಿ ಒಂದು ಪಟ್ಟೆ ತಿಳಿ ಹಸಿರು, ಒಂದು ಪಟ್ಟೆ ಕಡು ಹಸಿರು.

"ಎರಡೂ ಒಂದೇ ಹುಲ್ಲು. ಮೆಷಿನ್ನಿನ ರೋಲರ್ ಹೋದ ಕಡೆಗೆ ಹುಲ್ಲು ಬಾಗುತ್ತೆ. ನಮ್ಮಿಂದ ಆಚೆ ಬಾಗಿದ್ದು ತಿಳಿಯಾಗಿ ಕಾಣುತ್ತೆ, ನಮ್ಮ ಕಡೆ ಬಾಗಿದ್ದು ಕಪ್ಪಗೆ ಕಾಣುತ್ತೆ. ಮಾಲೀಕರು ಕೂರೋ ಆ ಪಕ್ಕದ ಗಾಜಿನ ಕೋಣೆಯಿಂದ ನೋಡಿ, ಬರೀ ಹಸಿರು. ಏನೂ ಕಾಣಲ್ಲ."

"ವೆಲ್ವೆಟ್ ಕೂಡ ಹಾಗೇ," ಎಂದಳು ಅವಳು. "ಕೈ ಆಡಿಸಿದ ಕಡೆಗೆ ಬಣ್ಣ ಬದಲಾಗುತ್ತೆ. ತಿಳಿಯದೆ ಕತ್ತರಿಸಿದ್ರೆ ಒಂದು ತೋಳು ಒಂದು ಬಣ್ಣ, ಇನ್ನೊಂದು ತೋಳು ಇನ್ನೊಂದು ಬಣ್ಣ."

ಅವನು ಹುಲ್ಲು ಬಿಟ್ಟು ಅವಳ ಕಡೆಗೇ ನೋಡಿದ. "ಇದು ಅರ್ಥವಾದವರು ನೀವೊಬ್ಬರೇ, ಟೈಲರ್ ಮೇಡಂ."

ಆ ದಿನ ಅಂಗಡಿಗೆ ಬಂದು ಅವಳು ಒಬ್ಬರ ಕುಪ್ಪಸಕ್ಕೆ ಇನ್ನೊಬ್ಬರ ಗುಂಡಿ ಹೊಲಿದಳು.

ಅಷ್ಟರಲ್ಲಿ ಕ್ಲಬ್ ಮಾರಾಟವಾಯಿತು. ಹೊಸ ಮಾಲೀಕರು ಗ್ಯಾಲರಿಗೆ ತಪ್ಪಿಯೂ ಕಾಲಿಟ್ಟವರಲ್ಲ. ಆದರೂ ಗ್ಯಾಲರಿಯವರಿಗೆ ಏನು ಬೇಕು ಅನ್ನೋದು ಅವರಿಗೆ ಚೆನ್ನಾಗಿ ಗೊತ್ತಿತ್ತಂತೆ! ಟಿಕೆಟ್ ದರ ಏರಿತು. ಎಲ್ಲರೂ ಹೆಗಲ ಮೇಲೆ ಹೊತ್ತು ಕುಣಿದಿದ್ದ ಗೋಲ್‌ಕೀಪರನನ್ನು ಬೇರೆ ಕ್ಲಬ್ಬಿಗೆ ಮಾರಿಬಿಟ್ಟರು. ಕೊನೆಗೆ ಮಿಂಚುಳ್ಳಿಯನ್ನೂ ತೆಗೆದು, ಬೂದು ಬಣ್ಣದ ಒಂದು ತ್ರಿಕೋನ ಇಟ್ಟರು.

ಅಭಿಮಾನಿಗಳು ಸಭೆ ಸೇರಿದ್ದು ಅವಳ ಅಂಗಡಿಯಲ್ಲೇ. ಅವಳ ಅಪ್ಪನನ್ನು ಊರೆಲ್ಲ ಕಹಳೆ ಅಂತ ಕರೆಯುತ್ತದೆ. ಗುಟ್ಟು ಹೇಳಿದರೂ ಮೂರು ಬೀದಿಗೆ ಕೇಳಿಸುವ ಗಂಟಲು ಅದು.

"ತ್ರಿಕೋನಕ್ಕೆ ಜೈ ಅಂತ ಹೇಗಯ್ಯಾ ಕೂಗೋದು? ಜ್ಯಾಮಿಟ್ರಿ ಪೆಟ್ಟಿಗೆಗೆ ಕೂಗಿದ ಹಾಗಿರುತ್ತೆ," ಎಂದರು ಕಹಳೆ.

ಎಲ್ಲರೂ ನಕ್ಕರು. ಆದರೆ ಕಹಳೆಯ ಕಣ್ಣು ತುಂಬಿತ್ತು. ಹೆಂಡತಿ ಹೊಲಿದ ಹಕ್ಕಿಯನ್ನು ಕಂಡೇ ಅವರು ಪ್ರತಿ ಪಂದ್ಯದಲ್ಲಿ ಹಾಡು ಶುರು ಮಾಡುತ್ತಿದ್ದರು.

"ಟಿಕೆಟ್ ಕೈಯಲ್ಲಿದ್ರೂ ಮುಂದಿನ ಪಂದ್ಯಕ್ಕೆ ಯಾರೂ ಒಳಗೆ ಹೋಗಬಾರದು. ಖಾಲಿ ಗ್ಯಾಲರಿ ನೋಡಲಿ ಮಾಲೀಕರು," ಎಂದರು ಕಹಳೆಯೇ.

ತೀರ್ಮಾನ ಆಯಿತು.

ಮರುದಿನ ಅಮ್ಮನ ಬಟ್ಟೆಯನ್ನು ಮನೆಗೆ ತರೋಣ ಅಂತ ಅವಳು ಮೈದಾನಕ್ಕೆ ಹೋದಳು. ಹೋಗಿ ನೋಡಿದರೆ... ಕಂಬಿಯ ಮೇಲೆ ಕೂತು ಬಟ್ಟೆ ಇಳಿಸುತ್ತಿದ್ದವನು ಅವನೇ.

"ಏನು ಮಾಡ್ತಿದ್ದೀರಿ?"

ಅವನ ಮುಖ ಬಿಳಿಚಿಕೊಂಡಿತು. "ಮಾಲೀಕರ ಆಜ್ಞೆ. ಹಳೇ ಗುರುತು ಮೈದಾನದಲ್ಲಿ ಎಲ್ಲೂ ಕಾಣಬಾರದಂತೆ. ಇಳಿಸಿ ಸುಟ್ಟುಬಿಡು ಅಂದಿದ್ದಾರೆ."

"ಅದಕ್ಕೆ ನೀವು ಇಳಿಸ್ತಿದ್ದೀರಿ."

"ನಾನಲ್ಲದಿದ್ರೆ ಬೇರೆಯವರು ಇಳಿಸ್ತಾರೆ..."

"ಬೇರೆಯವರು ಇಳಿಸಿದ್ರೆ ನನಗೆ ಇಷ್ಟು ನೋವಾಗ್ತಿರಲಿಲ್ಲ. ಕೊಡಿ ಇಲ್ಲಿ."

"ಈಗ ಕೊಡೋಕಾಗಲ್ಲ."

ಅವನು ಬೇರೇನೂ ಹೇಳಲಿಲ್ಲ. ಹಿಂದೆ ಹಿಡಿಸಿದ್ದ ಆ ಮೌನವನ್ನೇ ಇಂದು ಅವಳಿಗೆ ಸಹಿಸಲಾಗಲಿಲ್ಲ. ಇವನನ್ನು ನಂಬಿದೆನಲ್ಲ... ಅಮ್ಮನ ತಪ್ಪು ಹೊಲಿಗೆಯ ಕಥೆಯನ್ನೂ ಇವನಿಗೆ ಹೇಳಿದೆನಲ್ಲ! ದಾರಿಯುದ್ದಕ್ಕೂ ಅತ್ತಳು.

ಪಂದ್ಯದ ದಿನ ಬೆಳಿಗ್ಗೆ ಅವನು ಅಂಗಡಿಯ ಬಾಗಿಲಿಗೆ ಬಂದ. ಅವಳು ಯಂತ್ರ ತುಳಿಯುವುದನ್ನು ನಿಲ್ಲಿಸಲಿಲ್ಲ.

"ಇವತ್ತು ಒಳಗೆ ಬನ್ನಿ," ಎಂದ ಅವನು. "ಮೇಲಿನ ಸಾಲಿಗೆ. ಆಟ ನೋಡಬೇಡಿ. ವೆಲ್ವೆಟ್ ನೋಡಿ."

"ಸುಟ್ಟ ಬೂದಿ ಎಲ್ಲಿದೆ? ಅದನ್ನಾದ್ರೂ ಕೊಡಿ."

ಅವನು ಮೇಜಿನ ಮೇಲೆ ಏನೋ ಇಟ್ಟು ಹೋದ. ಬಹಳ ಹೊತ್ತಿನ ಮೇಲೆ ಅವಳು ತಲೆಯೆತ್ತಿದಳು. ಬಟ್ಟೆಯನ್ನು ಕಂಬಿಗೆ ಕಟ್ಟುತ್ತಿದ್ದ ಹಗ್ಗಗಳು. ಒಂದೊಂದನ್ನೂ ಸುತ್ತಿ ನೀಟಾಗಿ ಇಟ್ಟಿದ್ದಾನೆ. ಅವಳು ಕೈಗೆ ತೆಗೆದುಕೊಂಡು ತುದಿ ನೋಡಿದಳು.

ಒಂದನ್ನೂ ಕತ್ತರಿಸಿಲ್ಲ.

ತಿಂಗಳುಗಟ್ಟಲೆ ಬಿಸಿಲು ಮಳೆಗೆ ಬಿಗಿದುಕೊಂಡ ಗಂಟುಗಳು ಅವು. ಸುಡುವ ಬಟ್ಟೆಗೆ ಅಷ್ಟು ಗಂಟುಗಳನ್ನು ಉಗುರು ಸವೆಯುವ ಹಾಗೆ ಯಾರು ಬಿಚ್ಚುತ್ತಾರೆ? ಒಂದು ಕತ್ತರಿ ಸಾಕಿತ್ತಲ್ಲ...

ಮಧ್ಯಾಹ್ನ ಗೇಟಿನ ಹೊರಗೆ ಅಭಿಮಾನಿಗಳೆಲ್ಲ ಹಾಡದೆ, ಒಳಗೂ ಹೋಗದೆ ನಿಂತಿದ್ದರು. ಅವಳು ಟಿಕೆಟ್ ಹಿಡಿದು ಗೇಟಿನ ಕಡೆ ನಡೆದಾಗ ಕಹಳೆ ದಂಗಾದರು.

"ಎಲ್ಲಿಗೆ ಮಗಳೇ? ಮಾತು ಕೊಟ್ಟಿದ್ದೀವಿ."

"ಒಂದೇ ಒಂದು ಸಲ ನೋಡಿ ಬರ್ತೀನಪ್ಪ."

"ಅವನಿಗೋಸ್ಕರಾನಾ?"

ಅವಳು ಗೇಟು ದಾಟಿದಳು. ಹಿಂದೆ ಯಾರೋ ಛೀ ಅಂದದ್ದು ಕೇಳಿಸಿತು. ಕಿವಿ ಸುಟ್ಟುಹೋದಂತಾದರೂ ಕಾಲು ನಿಲ್ಲಲಿಲ್ಲ. ಖಾಲಿ ಗ್ಯಾಲರಿಯ ಮೆಟ್ಟಿಲು ಹತ್ತಿ, ಮೇಲಿನ ಸಾಲಿನಲ್ಲಿ ನಿಂತು, ತಿರುಗಿ ನೋಡಿದಳು.

ಮೈದಾನದ ತುಂಬ ಮಿಂಚುಳ್ಳಿ.

ತಿಳಿ ಹಸಿರು ಹುಲ್ಲಿನಲ್ಲಿ ಕಡು ಹಸಿರಿನ ರೆಕ್ಕೆ, ಉದ್ದ ಕೊಕ್ಕು, ಪುಟ್ಟ ಬಾಲ. ಒಂದು ಎಸಳನ್ನೂ ಹೆಚ್ಚು ಕತ್ತರಿಸಿಲ್ಲ, ಬಣ್ಣ ಬಳಿದಿಲ್ಲ. ಬರೀ ಹುಲ್ಲನ್ನು ಅತ್ತ ಇತ್ತ ಬಾಗಿಸಿ ಬರೆದ ಹಕ್ಕಿ. ಮತ್ತೆ ಕಣ್ಣು...

ಕಣ್ಣು ಕೆಳಗಿತ್ತು. ಕೊಕ್ಕಿನ ಪಕ್ಕದಲ್ಲಿ. ಅಮ್ಮ ಇಟ್ಟ ಜಾಗದಲ್ಲೇ.

ಅವಳು ಬಾಯಿಗೆ ಸೆರಗು ಒತ್ತಿಕೊಂಡು ಅತ್ತಳು. ಆಮೇಲೆ ಹೊರಗೆ ಓಡಿದಳು. "ಅಪ್ಪಾ, ಬನ್ನಿ. ಅಮ್ಮನ ಹಕ್ಕಿ ಒಳಗಿದೆ."

ಅಮ್ಮನ ಹಕ್ಕಿ ಅಂದಮೇಲೆ ಕಹಳೆಯನ್ನು ತಡೆಯುವವರು ಯಾರು? ಅವರ ಹಿಂದೆ ಒಬ್ಬರಾದ ಮೇಲೊಬ್ಬರು ಬಂದರು. ಮೇಲಿನ ಸಾಲು ತಲುಪಿದ ಕಹಳೆ ಹಕ್ಕಿಯ ಕಣ್ಣನ್ನು ಹುಡುಕಿ ನೋಡಿದರು. ಮರುಕ್ಷಣ ಹಾಡು ಎತ್ತಿದರು. ಇಡೀ ಗ್ಯಾಲರಿ ದನಿಗೂಡಿಸಿತು. ಗಾಜಿನ ಕೋಣೆಯಲ್ಲಿ ಮಾಲೀಕರು ಎದ್ದು ನಿಂತು ಅತ್ತ ಇತ್ತ ನೋಡಿದರು. ಕೆಳಗೆ ಅವರಿಗೆ ಕಂಡದ್ದು ಬರೀ ಹಸಿರು. ಈ ಜನ ಯಾಕೆ ಬಂದರು, ಏನನ್ನು ನೋಡಿ ಹಾಡುತ್ತಿದ್ದಾರೆ, ಪಂದ್ಯ ಮುಗಿಯುವವರೆಗೂ ಅವರಿಗೆ ತಿಳಿಯಲಿಲ್ಲ.

ಪಂದ್ಯ ಮುಗಿದು ಎಲ್ಲರ ಫೋನುಗಳಲ್ಲಿ ಫೋಟೋ ಓಡಾಡತೊಡಗಿದ ಮೇಲೆ ತಿಳಿಯಿತು.

ಮೈದಾನದ ಅಂಚಿನ ಸಾಮಾನಿನ ಕೋಣೆಯಲ್ಲಿ ಅವನು ಒಬ್ಬನೇ ಇದ್ದ. ಪಕ್ಕದಲ್ಲಿ ಮಡಿಸಿಟ್ಟ ಅಮ್ಮನ ಬಟ್ಟೆ, ಒಂದು ಕಲೆಯೂ ಇಲ್ಲದೆ.

"ಅಳತೆ ತಗೋಬೇಕಿತ್ತು. ಅದಕ್ಕೇ ಅವತ್ತು ಕೊಡಲಿಲ್ಲ," ಎಂದ.

"ನನಗೆ ಒಂದು ಮಾತು ಹೇಳಬಹುದಿತ್ತು."

"ನಿಮಗೆ ಹೇಳಿದ್ರೆ ನಿಮ್ಮಪ್ಪನಿಗೆ ಗೊತ್ತಾಗ್ತಿತ್ತು. ನಿಮ್ಮಪ್ಪನಿಗೆ ಗೊತ್ತಾದ್ರೆ ಗಾಜಿನ ಕೋಣೆಗೂ ಕೇಳಿಸ್ತಿತ್ತು."

ಅಳುವಿನ ನಡುವೆಯೇ ಅವಳಿಗೆ ನಗು ಬಂತು. "ನಾನು ಅಷ್ಟೆಲ್ಲ ಅಂದೆ... ಸುಮ್ಮನೆ ಅನ್ನಿಸ್ಕೊಂಡ್ರಿ."

"ನಿಮ್ಮ ಅಮ್ಮನ ಬಟ್ಟೆಗೋಸ್ಕರ ಸಿಟ್ಟು ಮಾಡಿಕೊಂಡ್ರಿ. ಅಷ್ಟೂ ಮಾಡದೆ ಇದ್ದಿದ್ರೆ ನೀವು ನನಗೆ ಇಷ್ಟವಾಗ್ತಾನೇ ಇರಲಿಲ್ಲ."

ಇಷ್ಟ. ಆ ಮಾತು ಇಬ್ಬರ ನಡುವೆ ಹಾಗೇ ನಿಂತಿತು.

"ಕಣ್ಣನ್ನ ಸರಿಯಾದ ಜಾಗಕ್ಕೆ ಹಾಕಬಹುದಿತ್ತಲ್ಲ," ಎಂದಳು ಮೆಲ್ಲಗೆ.

"ಹಾಕಿದ್ರೆ ಅದು ಯಾವುದೋ ಹಕ್ಕಿ ಆಗ್ತಿತ್ತು."

"ನಿಮ್ಮ ಕೆಲಸ?"

"ನಾಳೆ ಆಫೀಸಿಗೆ ಕರೆದಿದ್ದಾರೆ. ಹೋದ್ರೆ ಹೋಗಲಿ."

"ಹೇಗೆ ಹೋಗುತ್ತೆ? ಇಡೀ ಗ್ಯಾಲರಿ ಆಫೀಸಿನ ಮುಂದೆ ನಿಂತಿರುತ್ತೆ. ಎಲ್ಲರಿಗಿಂತ ಮುಂದೆ ನಾನಿರ್ತೀನಿ."

ಅವನು ಹೊರಗೆ ಮೈದಾನದ ಕಡೆ ನೋಡಿದ. "ಹಕ್ಕಿ ಮಾತ್ರ ನಾಳೆಗೆ ಇರಲ್ಲ. ಹುಲ್ಲು ಎದ್ದು ನಿಲ್ಲುತ್ತೆ."

"ಮತ್ತೆ ಬಾಗಿಸಿ. ನಾನು ಅಳತೆ ಹಿಡ್ಕೊಳ್ತೀನಿ."

"ಪ್ರತಿ ಸಲಾನಾ?"

"ಪ್ರತಿ ಸಲ."

ಅಷ್ಟರಲ್ಲಿ ಹೊರಗಿನಿಂದ ಗಂಟಲು ಕೇಳಿಸಿತು. ಕಹಳೆ ಮೈದಾನವನ್ನು ಅಡ್ಡ ಹಾಯುತ್ತ, ದೊಡ್ಡ ದೊಡ್ಡ ಹೆಜ್ಜೆ ಹಾಕಿಕೊಂಡು ಬರುತ್ತಿದ್ದರು. "ಎಲ್ಲಿ ನಮ್ಮ ಹುಲ್ಲುರಾಯ? ಅಪ್ಪಿಕೊಳ್ಳಬೇಕು ಅವನನ್ನ."

ಅವಳು ಅವನ ಹಸಿರು ಮೆತ್ತಿದ ಕೈ ಹಿಡಿದುಕೊಂಡೇ ಬಾಗಿಲಿಗೆ ಬಂದಳು.

"ಅಪ್ಪಾ, ಅಲ್ಲೇ ನಿಲ್ಲಿ. ಚಪ್ಪಲಿ ಬಿಚ್ಚಿ."

"ಯಾಕೆ ಮಗಳೇ?"

"ನಮ್ಮ ಹುಲ್ಲಿಗೆ ತೂತು ಬೀಳುತ್ತೆ."

ಕಹಳೆ ಮಗಳ ಮುಖ ನೋಡಿದರು. ಸೇರಿಕೊಂಡಿದ್ದ ಕೈಗಳನ್ನು ನೋಡಿದರು. ಆಮೇಲೆ, ಜೀವನದಲ್ಲಿ ಮೊದಲ ಸಲ ಪಿಸುಮಾತಿನಲ್ಲಿ, "ನಿಮ್ಮ ಹುಲ್ಲಾ... ಸರಿ ಸರಿ," ಎಂದು ಬಗ್ಗಿ ಚಪ್ಪಲಿ ಬಿಚ್ಚಿದರು.